ಕಡಲುಬ್ಬರದ ಮಾದರಿಗಳಿಗೆ ಗಾಳಿಯ ವೇಗವೊಂದೇ ಸಾಲದೇಕೆ?

ಪ್ರಶ್ನೆ: ಚಂಡಮಾರುತದ ಗಾಳಿ ಕಡಲ ನೀರನ್ನು ದಡಕ್ಕೆ ತಳ್ಳಿ ಏರಿಸುವುದೇ ಕಡಲುಬ್ಬರ. 1969ರ ಕಮೀಲ್ ಚಂಡಮಾರುತ ಅಮೆರಿಕದ ಮಿಸಿಸಿಪ್ಪಿ ಕರಾವಳಿಗೆ ಅಪ್ಪಳಿಸಿದಾಗ, ಗಾಳಿಯ ವೇಗವನ್ನು ನೋಡಿ ಕೊಡುವ ಐದು ದರ್ಜೆಗಳಲ್ಲಿ ಅತಿ ಪ್ರಬಲವಾದ ಐದನೆಯದರಲ್ಲಿತ್ತು, 2005ರ ಕತ್ರಿನಾ ಮೂರನೆಯದರಲ್ಲಿತ್ತು. ಆದರೂ ಕತ್ರಿನಾದಲ್ಲೇ ನೀರು ಹೆಚ್ಚು, ಸುಮಾರು 8.5 ಮೀಟರ್, ಏರಿದ್ದು ಹೇಗೆ?

ಉತ್ತರ 1: ಕತ್ರಿನಾದ ಗಾಳಿಯ ಹರಹು ಬಹಳ ದೊಡ್ಡದಾಗಿತ್ತು, ಅಲ್ಲಿನ ಕಡಲೋ ದಡದಿಂದ ಬಹುದೂರದವರೆಗೆ ಆಳವಿಲ್ಲದ್ದು. ಆಳವಿರುವಲ್ಲಿ ಗಾಳಿ ತಳ್ಳಿದ ನೀರು ತಳದ ಮೂಲಕ ಹಿಂದಿರುಗುತ್ತದೆ. ಆಳವಿಲ್ಲದಲ್ಲಿ ದಡದ ಮೇಲೆಯೇ ರಾಶಿ ಬೀಳುತ್ತದೆ. ಆದ್ದರಿಂದಲೇ ಕಡಲುಬ್ಬರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಅಮೆರಿಕದ ‘ಸ್ಲಾಷ್’ ಮಾದರಿಗೆ ಚಂಡಮಾರುತದ ಪಥ, ಮುನ್ನುಗ್ಗುವ ವೇಗ, ಕೇಂದ್ರದ ಒತ್ತಡ, ಗರಿಷ್ಠ ಗಾಳಿಯ ತ್ರಿಜ್ಯ (ಕೇಂದ್ರದಿಂದ ಅತಿ ಬಿರುಸಾದ ಗಾಳಿಯಿರುವಲ್ಲಿಗೆ ಇರುವ ದೂರ) ಇವೆಲ್ಲವನ್ನೂ ಉಣಿಸಬೇಕಾಗುತ್ತದೆ. ದರ್ಜೆಯ ಅಂಕಿಯನ್ನೇ ನಂಬಿ ಮನೆಯಲ್ಲಿ ಉಳಿಯುವುದು ಅಪಾಯಕರ.

ಪ್ರಶ್ನೆ ಕೇಳಿದವರು: ಪಥವೇ ಖಚಿತವಿಲ್ಲದಾಗ ಲೆಕ್ಕ ಹಾಕುವುದೆಂತು?

ಉತ್ತರ 1: ಪಥವನ್ನು ಆಚೀಚೆ ಸರಿಸಿ ನೂರಾರು ಸಲ ಲೆಕ್ಕ ಹಾಕಿ, ಮಾದರಿಯ ನಕ್ಷೆಯ ಪ್ರತಿ ಚೌಕದಲ್ಲಿಯೂ ಬಂದ ಗರಿಷ್ಠ ನೀರಿನ ಮಟ್ಟವನ್ನು ತೆಗೆದುಕೊಳ್ಳುತ್ತಾರೆ.

ಉತ್ತರ 2: ಲೆಕ್ಕಕ್ಕೆ ತೆಗೆದುಕೊಂಡ ಕಡಲಿನ ವಿಸ್ತಾರವೂ ಮುಖ್ಯ. 2008ರಲ್ಲಿ ಐಕ್ ಚಂಡಮಾರುತ ಟೆಕ್ಸಾಸ್ ತಲುಪುವ ಸುಮಾರು ಅರ್ಧದಿಂದ ಒಂದು ದಿನ ಮೊದಲೇ ಗ್ಯಾಲ್ವೆಸ್ಟನ್ ಬಳಿ ನೀರು ಏರತೊಡಗಿತ್ತು. ದಡಕ್ಕೆ ಸಮಾನಾಂತರವಾಗಿ ಹರಿದ ನೀರನ್ನು ಭೂಮಿಯ ಅಕ್ಷಭ್ರಮಣ ದಡದತ್ತ ತಿರುಗಿಸಿದ್ದೇ ಕಾರಣ. ಕರಾವಳಿಯ ಸಣ್ಣ ತುಂಡನ್ನಷ್ಟೇ ನೋಡುವ ಮಾದರಿಗೆ ಇದು ಕಾಣುವುದಿಲ್ಲ. ಇನ್ನೊಂದು ಮಾದರಿಯಾದ ‘ಆಡ್‌ಸರ್ಕ್’ ಲೆಕ್ಕಕ್ಕಾಗಿ ಕಡಲ ಮೇಲೆ ಹಾಸುವ ತ್ರಿಕೋನಗಳ ಬಲೆ ನಡುಗಡಲಿನಲ್ಲಿ ಕಿಲೋಮೀಟರುಗಟ್ಟಲೆ ಅಗಲವಾಗಿದ್ದು, ಕಾಲುವೆ, ಒಡ್ಡುಗಳ ಬಳಿ ಹತ್ತಾರು ಮೀಟರುಗಳಿಗೆ ಕಿರಿದಾಗುತ್ತದೆ.