ಮಾಸ್ತಿ, ಅವರೆಕಾಳು ಮತ್ತು ಸಂಜೆಯ ಅರ್ಧ ಗಂಟೆ

ವಾಟ್ಸಾಪ್ ಗುಂಪು: ನಮ್ಮ ಮನೆ
ಭಾನುವಾರ

ದೊಡ್ಡಪ್ಪ, 7:12
(ಫಾರ್ವರ್ಡ್) ಮಾಸ್ತಿಯವರು ಸರ್ಕಾರದ ದೊಡ್ಡ ಹುದ್ದೆಯಲ್ಲಿ ಇದ್ದುಕೊಂಡೇ ಕಥೆ ಬರೆದರು. ಟೈಮ್ ಇಲ್ಲ ಅನ್ನುವವರಿಗೆ ನಿಜವಾಗಿ ಇಲ್ಲದ್ದು ಮನಸ್ಸು. ಬೆಳಿಗ್ಗೆ 4ಕ್ಕೆ ಏಳಿ, ಬರೆಯಿರಿ!

ದೊಡ್ಡಪ್ಪ, 7:13
ಪುಟ್ಟಿ, ಇದು ನಿನಗೇ ಕಳಿಸಿದ್ದು. ಕಥೆ ಅರ್ಧಕ್ಕೆ ನಿಂತಿದೆ ಅಂತ ಮೊನ್ನೆ ಬೇಜಾರು ಮಾಡಿಕೊಂಡಿದ್ದೆಯಲ್ಲ.

ಭಾವ, 7:20
ಸರಿಯಾಗಿದೆ. ಕೆ.ಎಸ್. ನರಸಿಂಹಸ್ವಾಮಿಯವರೂ ಸರ್ಕಾರಿ ಗುಮಾಸ್ತರೇ. ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂತು.

ನಾನು, 7:41
ದೊಡ್ಡಪ್ಪ, ಮಾಸ್ತಿ ಅಂದರೆ ನನಗೂ ಪ್ರಾಣ. 1920ರಲ್ಲಿ ಮೊದಲ ಕಥಾ ಸಂಕಲನ, 1943ರಲ್ಲಿ ಕೆಲಸಕ್ಕೆ ರಾಜೀನಾಮೆ. ಅಷ್ಟು ವರ್ಷ ಎರಡನ್ನೂ ನಡೆಸಿದ್ದು ಸಣ್ಣ ಮಾತಲ್ಲ. ಆದರೆ ಆ ಮನೆಯ ಒಲೆ ಯಾರು ನೋಡಿಕೊಂಡರು ಅಂತ ಈ ಮೆಸೇಜಿನಲ್ಲಿ ಒಂದು ಸಾಲೂ ಇಲ್ಲ.

ನಾನು, 7:44
4 ಗಂಟೆಗೆ ನಾನು ಎದ್ದೇ ಇರುತ್ತೇನೆ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುವುದೇ ಆಗ. ಸಂಪ್ ನೋಡಬೇಕು, ಮೋಟಾರ್ ಹಾಕಬೇಕು, ಟ್ಯಾಂಕ್ ತುಂಬಿ ಸುರಿಯುವ ಮೊದಲು ಆಫ್ ಮಾಡಬೇಕು. ಆಮೇಲೆ ಡಬ್ಬಿ, ಕಸದ ಗಾಡಿ, ಮೆಟ್ರೋ.

ಭಾವ, 7:46
ಮೆಟ್ರೋದಲ್ಲಿ ಬರೆಯಬಹುದಲ್ವಾ? ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಈಗ ಒಂದೇ ಗಾಡಿ.

ನಾನು, 7:49
ಬರೆಯುತ್ತೇನೆ ಭಾವ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆಯೇ ನನ್ನ ಎರಡು ಕಥೆ ಮುಗಿದದ್ದು. ಮೆಜೆಸ್ಟಿಕ್‌ನಲ್ಲಿ ಸೀಟು ಸಿಕ್ಕ ದಿನ ಫೋನಿನಲ್ಲೇ ಅರ್ಧ ಪುಟ. ಸಿಗದ ದಿನ ಒಂದು ಕೈ ಹಿಡಿಕೆಗೆ, ಒಂದು ಕೈ ಬ್ಯಾಗಿಗೆ.

ಅಮ್ಮ, 7:55
ನಿನ್ನೆ ಸಂಜೆ ಅವರೆಕಾಳು ಹಿತುಕುತ್ತಾ ಕೂತವಳು ಇದ್ದಕ್ಕಿದ್ದಂತೆ ಎದ್ದು ಓಡಿದಳು. ಏನಾಯಿತು ಅಂತ ನಾನೂ ಕೇಳಲಿಲ್ಲ.

ನಾನು, 8:03
ಕಥೆಯ ಮುದುಕಿ ಕೊನೆಗೆ ಏನು ಹೇಳುತ್ತಾಳೆ ಅಂತ ಆಗ ಹೊಳೆಯಿತು ಅಮ್ಮ. ಹೆಬ್ಬೆರಳು ಒತ್ತಿದ ಕೂಡಲೇ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಜಾರುತ್ತಿತ್ತು, ಅದೇ ಲಯದಲ್ಲಿ ಅವಳ ಮಾತು ಬಂತು. ಬೆರಳೆಲ್ಲ ಒದ್ದೆ, ಫೋನ್ ತೆರೆಯಲೇ ಇಲ್ಲ. ಒರೆಸಿಕೊಳ್ಳುವಷ್ಟರಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು, ಮಗ ಹೋಂವರ್ಕ್ ತಂದ. ಮಾತು ಹೋಯಿತು. ಇನ್ನೂ ಸಿಕ್ಕಿಲ್ಲ.

ದೊಡ್ಡಪ್ಪ, 8:06
ಹಾಗಾದರೆ ಮನೆಗೆಲಸ, ಆಫೀಸು ಎಲ್ಲ ಬಿಡಬೇಕು ಅನ್ನುತ್ತೀಯಾ?

ನಾನು, 8:10
ಇಲ್ಲ ದೊಡ್ಡಪ್ಪ. ಕೈಯಲ್ಲಿ ಅವರೆಕಾಳು ಇದ್ದದ್ದಕ್ಕೇ ಆ ಮುದುಕಿ ಬಾಯಿ ಬಿಟ್ಟಳು. ಸುಮ್ನೆ ಮೇಜಿನ ಮುಂದೆ ಕೂತಿದ್ದರೆ ಬರುತ್ತಿರಲಿಲ್ಲ. ನಾನು ಕೇಳುತ್ತಿರುವುದು ಆಮೇಲಿನ ಹತ್ತು ನಿಮಿಷ. ಆ ಕುಕ್ಕರನ್ನು ಬೇರೆ ಯಾರಾದರೂ ಇಳಿಸಿದ್ದರೆ ಸಾಕಿತ್ತು.

ಅಕ್ಕ, 8:14
ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಅಲ್ಲಿಯವರೆಗೆ ಅವರಿಗೆ ಮನಸ್ಸಿರಲಿಲ್ಲ ಅಂತೀರಾ ದೊಡ್ಡಪ್ಪ?

ದೊಡ್ಡಪ್ಪ, 8:31
ಹಾಗನ್ನಲಾರೆ. ಆದರೂ ಶಿಸ್ತು ಬೇಕಮ್ಮ, ಅದನ್ನು ಬಿಟ್ಟುಕೊಡಲ್ಲ.

ದೊಡ್ಡಪ್ಪ, 8:38
ನಿಮ್ಮ ದೊಡ್ಡಮ್ಮ ಹಾಲಿನ ಲೆಕ್ಕದ ಡೈರಿಯಲ್ಲೇ ಹಾಡು ಬರೆದಿಡುತ್ತಿದ್ದಳು. ಕೊಡು, ಓದುತ್ತೇನೆ ಅಂತ ಒಂದು ದಿನವೂ ನಾನು ಕೇಳಲಿಲ್ಲ. ಬೀರುವಿನಲ್ಲಿರಬೇಕು. ಇವತ್ತು ತೆಗೆಯುತ್ತೇನೆ.

ಅಕ್ಕ, 8:39
ಸಿಕ್ಕರೆ ಫೋಟೋ ಹಾಕಿ. ಎಲ್ಲ ಪುಟದ್ದೂ.

ನಮ್ಮನೆಯವರು, 8:45
ನಾಳೆ ಬೆಳಿಗ್ಗೆ ಮೋಟಾರ್ ನಾನು ನೋಡಿಕೊಳ್ಳುತ್ತೇನೆ.

ನಾನು, 8:46
ನಾಳೆ ನೀರಿನ ದಿನ ಅಲ್ಲ ರೀ. ನನಗೆ ಬೇಕಾದ್ದು ಸಂಜೆ 7ರಿಂದ 7:30. ಕುಕ್ಕರ್, ಹೋಂವರ್ಕ್ ಎರಡೂ ನಿಮ್ಮದು. ವಾರಕ್ಕೆ ನಾಲ್ಕು ದಿನ.

ನಮ್ಮನೆಯವರು, 8:52
ಮೂರು ದಿನ ಖಂಡಿತ. ಗುರುವಾರ ನನಗೆ ಮೀಟಿಂಗ್ ಇರುತ್ತದೆ.

ಅಮ್ಮ, 8:53
ಗುರುವಾರ ನಾನಿದ್ದೇನೆ.