ಫೋನಿನಿಂದ ಲ್ಯಾಪ್‌ಟಾಪಿಗೆ ಸಾಕೆಟ್ ಸಂಪರ್ಕ: ‘ಕನೆಕ್ಷನ್ ರೆಫ್ಯೂಸ್ಡ್’

ಪ್ರಶ್ನೆ (ಕೋಥ್ರೂಡ್, ಪುಣೆ):
ನಮಸ್ಕಾರ. ಇಲ್ಲಿನ ನಮ್ಮ ಕನ್ನಡ ಬಳಗದ ಪುಸ್ತಕಗಳ ಲೆಕ್ಕವಿಡಲು, ಆಂಡ್ರಾಯ್ಡ್ ಫೋನಿನಲ್ಲಿ ಬಾರ್‌ಕೋಡ್ ಓದಿ ನನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ಕಳುಹಿಸುವ ಆ್ಯಪ್ ಒಂದನ್ನು ಬರೆಯುತ್ತಿದ್ದೇನೆ. ಅಲ್ಲಿ ಅದನ್ನು ಪಡೆಯುವ ಪೈಥಾನ್ ಸರ್ವರ್ 127.0.0.1ರಲ್ಲಿ (ಯಂತ್ರ ತನ್ನನ್ನೇ ಕರೆಯುವ ವಿಳಾಸ), 5050ನೇ ಪೋರ್ಟಿನಲ್ಲಿ (ಸಂಪರ್ಕದ ಬಾಗಿಲಿನ ಸಂಖ್ಯೆ) ಓಡುತ್ತದೆ. ಲ್ಯಾಪ್‌ಟಾಪಿನಿಂದಲೇ ಪರೀಕ್ಷಿಸಿದರೆ ಉತ್ತರ ಬರುತ್ತದೆ. ಎರಡೂ ಮನೆಯ ಒಂದೇ ವೈಫೈಯಲ್ಲಿವೆ. ಆದರೂ ಫೋನಿನಿಂದ ಲ್ಯಾಪ್‌ಟಾಪಿನ ವೈಫೈ ವಿಳಾಸವಾದ 192.168.1.7ಕ್ಕೆ ಸಂಪರ್ಕಿಸಿದರೆ ಮೊದಲು ಬಹಳ ಹೊತ್ತು ಕಾದು ಟೈಮ್‌ಔಟ್ ಆಗುತ್ತಿತ್ತು. ಫೈರ್‌ವಾಲ್ ಪೂರ್ತಿ ಆಫ್ ಮಾಡಿದ ಮೇಲೆ ತಕ್ಷಣವೇ ‘ರೆಫ್ಯೂಸ್ಡ್’ ಎಂದು ಬರುತ್ತಿದೆ. ಎರಡು ದಿನಗಳಿಂದ ಇಲ್ಲೇ ನಿಂತಿದ್ದೇನೆ.

ಉತ್ತರ 1 (ಠಾಣೆ):
ದೋಷದ ಸಂದೇಶ ಬದಲಾಯಿತೆಂದು ಬರೆದಿದ್ದೀರಲ್ಲ, ಮುಖ್ಯವಾದ ಸುಳಿವು ಅದೇ. ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ಪ್ಯಾಕೆಟ್ಟನ್ನು (ಬಂದ ದತ್ತಾಂಶದ ತುಣುಕನ್ನು) ಸದ್ದಿಲ್ಲದೆ ಕೈಬಿಡುತ್ತದೆ, ಆದ್ದರಿಂದ ಫೋನು ಸುಮ್ಮನೆ ಕಾಯುತ್ತದೆ. ‘ರೆಫ್ಯೂಸ್ಡ್’ ಎಂದರೆ ಪ್ಯಾಕೆಟ್ ಲ್ಯಾಪ್‌ಟಾಪನ್ನು ಮುಟ್ಟಿದೆ, ಆದರೆ ಆ ವಿಳಾಸದ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲವೆಂದು ಅದು ಮರುನುಡಿದಿದೆ. 127.0.0.1ಕ್ಕೆ ಬೈಂಡ್ ಆದ (ಆ ವಿಳಾಸದಲ್ಲಿ ಮಾತ್ರ ಕೇಳಿಸಿಕೊಳ್ಳುವ) ಸರ್ವರಿಗೆ ಅದೇ ಯಂತ್ರದೊಳಗಿನ ಕರೆಗಳು ಮಾತ್ರ ತಲುಪುತ್ತವೆ. 0.0.0.0ಕ್ಕೆ, ಅಂದರೆ ಲ್ಯಾಪ್‌ಟಾಪಿನ ಎಲ್ಲ ವಿಳಾಸಗಳಿಗೂ, ಬೈಂಡ್ ಮಾಡಿ, ‘ನೆಟ್‌ಸ್ಟ್ಯಾಟ್’ ಆದೇಶದಲ್ಲಿ 5050ರ ಮುಂದೆ ‘ಲಿಸನಿಂಗ್’ ಎಂದು ಇದೆಯೇ ನೋಡಿ. ಫೈರ್‌ವಾಲನ್ನು ದಯವಿಟ್ಟು ಮತ್ತೆ ಆನ್ ಮಾಡಿ. ಅದನ್ನು ಆಫ್ ಮಾಡಿ ಬಿಡುವುದು ಪರಿಹಾರವಲ್ಲ.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆ, ‘ಲಿಸನಿಂಗ್’ ಕಾಣುತ್ತಿದೆ. ಫೈರ್‌ವಾಲ್ ಆನ್ ಆದೊಡನೆ ಮತ್ತೆ ಟೈಮ್‌ಔಟ್.

ಉತ್ತರ 2 (ಮಡಗಾಂವ್):
ಈಗ ಫೈರ್‌ವಾಲಿನಲ್ಲಿ ಒಳಬರುವ ಸಂಪರ್ಕಗಳಿಗೆಂದು ಒಂದು ನಿಯಮ ಸೇರಿಸಿ: ಟಿಸಿಪಿ (ನಿಮ್ಮ ಆ್ಯಪ್ ಬಳಸುವ ಸಂಪರ್ಕದ ಬಗೆ), ಪೋರ್ಟ್ 5050, ‘ಪ್ರೈವೇಟ್’ ನೆಟ್‌ವರ್ಕಿಗೆ ಮಾತ್ರ. ನಿಮ್ಮ ವೈಫೈ ‘ಪಬ್ಲಿಕ್’ ಎಂದು ಗುರುತಾಗಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ, ಅದನ್ನೂ ಬದಲಿಸಬೇಕು. ಪಿಜಿ ಅಥವಾ ಕಚೇರಿಯ ವೈಫೈಯಲ್ಲಿ ಮಾತ್ರ ಹೀಗೆ ತೆರೆದಿಡಬೇಡಿ, ಅಲ್ಲಿರುವ ಇತರರೂ ನಿಮ್ಮ ಸರ್ವರನ್ನು ತಲುಪಬಲ್ಲರು. ಅಂಥ ಕಡೆ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ‘ಎಡಿಬಿ ರಿವರ್ಸ್’ (ಆಂಡ್ರಾಯ್ಡ್ ಡೆವಲಪರ್ ಉಪಕರಣದ ಒಂದು ಆದೇಶ) ಮೂಲಕ ಫೋನಿನ 5050ನ್ನು ಲ್ಯಾಪ್‌ಟಾಪಿನ 5050ಕ್ಕೆ ಕೂಡಿಸಿದರೆ, ಆ್ಯಪ್ 127.0.0.1ಕ್ಕೇ ಮಾತನಾಡಬಹುದು, ಸರ್ವರನ್ನೂ ಮೊದಲಿನ ವಿಳಾಸದಲ್ಲೇ ಇಡಬಹುದು.

ಪ್ರಶ್ನೆ ಕೇಳಿದವರು:
ವೈಫೈ ‘ಪಬ್ಲಿಕ್’ ಎಂದೇ ಇತ್ತು. ಅದನ್ನು ಬದಲಿಸಿ ನಿಯಮ ಸೇರಿಸಿದ ಮೇಲೆ ಮೊದಲ ಪುಸ್ತಕದ ಸಂಖ್ಯೆ ಲ್ಯಾಪ್‌ಟಾಪಿಗೆ ಬಂದಿತು. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.

ಉತ್ತರ 1 (ಠಾಣೆ):
ಸಂತೋಷ. ರೂಟರ್ ಮುಂದೊಮ್ಮೆ ಲ್ಯಾಪ್‌ಟಾಪಿಗೆ ಬೇರೆ ವಿಳಾಸ ಕೊಟ್ಟೀತು. ರೂಟರಿನ ಸೆಟ್ಟಿಂಗ್‌ನಲ್ಲಿ 192.168.1.7ನ್ನು ಅದಕ್ಕೆಂದೇ ಕಾಯ್ದಿರಿಸಿಬಿಡಿ.