ಅಲ್ಯೂಮಿನಿಯಂ ಕವರ್ ಮೇಲೆ ಎಪಾಕ್ಸಿ ನಿಲ್ಲುತ್ತಿಲ್ಲ, ಹಾಳೆ ಹಾಳೆಯಾಗಿ ಏಳುತ್ತಿದೆ

ಮಂಡ್ಯ_ಟೂಸ್ಟ್ರೋಕ್: ಯೆಜ್ಡಿ ರೋಡ್‌ಕಿಂಗ್ ಬೈಕ್‌ನ ಕ್ಲಚ್ ಕವರ್. ಪೂರ್ತಿ ಕ್ಲೀನ್ ಮಾಡಿಸಿ, ಪ್ರೈಮರ್ ಹೊಡೆದು, ಅದರ ಮೇಲೆ ಎಪಾಕ್ಸಿ (ಹಾರ್ಡನರ್ ಬೆರೆಸಿ ಹೊಡೆಯುವ ಕೋಟ್), ಆಮೇಲೆ ಕಪ್ಪು ಪೇಂಟ್ ಹೊಡೆದೆ. ನೋಡೋಕೆ ಸೂಪರ್ ಆಗಿತ್ತು. ಫಿಟ್ ಮಾಡುವಾಗ ಸ್ಕ್ರೂಡ್ರೈವರ್ ಜಾರಿ ತಾಗಿದ್ದೇ ತಡ, ಉಗುರಗಲ ಎದ್ದು ಬಂತು. ಸಾಮಾನೆಲ್ಲ ದುಬಾರಿಯದ್ದೇ. ಮಳೆಗಾಲ, ತೇವ ಅಂತ ಮಾತ್ರ ಹೇಳಬೇಡಿ. ಮೊದಲೇ ತಲೆ ಕೆಟ್ಟಿದೆ.

ಹೆಬ್ಬಾಳ್_ಸ್ಪ್ರೇಗನ್: ಎಣ್ಣೆ. ಬೇರೆ ಏನೂ ಅಲ್ಲ. ಹಳೇ ಕ್ಯಾಸ್ಟಿಂಗ್ ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಹೀಟ್ ಗನ್ ಹಿಡಿಯಿರಿ, ಜಿನುಗುತ್ತದೆ. ಒರೆಸಿ, ಮತ್ತೆ ಬಿಸಿ ಮಾಡಿ.

ಮಂಡ್ಯ_ಟೂಸ್ಟ್ರೋಕ್: ಬಿಸಿ ಮಾಡಿ ಒರೆಸಿಯೇ ಹೊಡೆದದ್ದು ಸರ್.

ಹೆಬ್ಬಾಳ್_ಸ್ಪ್ರೇಗನ್: ಸಾಲದು. ಇನ್ನೂ ಜಾಸ್ತಿ ಮಾಡಿ.

ಹಳೇ_ಗಾಡಿ_ಮೈಸೂರು: ರೋಡ್‌ಕಿಂಗ್ ಕವರ್‌ಗೆ ಕಪ್ಪು ಯಾಕೆ ಗುರು? ನನ್ನದು ಬಫ್ ಮಾಡಿಸಿ ಹಾಗೇ ಬಿಟ್ಟಿದ್ದೇನೆ, ಮುಖ ಕಾಣುತ್ತದೆ. 1996ರಲ್ಲಿ ಮುಚ್ಚಿದ ನಮ್ಮೂರ ಫ್ಯಾಕ್ಟರಿಯ ಗಾಡಿ, ಒಂದಿಷ್ಟು ಮರ್ಯಾದೆ ಕೊಡಿ. ನನ್ನ ಹತ್ತಿರ ಯೆಜ್ಡಿ ಕ್ಲಾಸಿಕ್ ಕೂಡ ಇದೆ, ಫೋಟೋ ಹಾಕಲಾ?

ಕೂರ್ಗಳ್ಳಿ_ಕೋಟಿಂಗ್: ಫೋಟೋ ಆಮೇಲೆ ಹಾಕಿ ಸ್ವಾಮಿ. ಮಂಡ್ಯದವರೇ, ಕಿತ್ತು ಬಂದ ಚೂರನ್ನು ತಿರುಗಿಸಿ ನೋಡಿ. ಹಿಂಭಾಗ ಯಾವ ಬಣ್ಣ? ಕವರ್ ಮೇಲೆ ಏನು ಉಳಿದಿದೆ? ಯಾವ ಪ್ರೈಮರ್? ಕ್ಲೀನ್ ಮಾಡಿಸಿದ್ದು ಯಾವುದರಲ್ಲಿ?

ಮಂಡ್ಯ_ಟೂಸ್ಟ್ರೋಕ್: ಹಿಂಭಾಗ ಬೂದು, ಅಂದರೆ ಎಪಾಕ್ಸಿಯೇ. ಬೆರಳಿಗೆ ಸ್ವಲ್ಪ ಅಂಟುತ್ತದೆ. ಕವರ್ ಮೇಲೆ ಹಳದಿ ಪ್ರೈಮರ್ ಹಾಗೇ ಇದೆ, ಅಲ್ಲಲ್ಲಿ ಮಾತ್ರ ಲೋಹ ಕಾಣುತ್ತದೆ. ಎಟ್ಚ್ ಪ್ರೈಮರ್, ಅಲ್ಯೂಮಿನಿಯಂಗೆ ಅದೇ ಅಲ್ವಾ? ದಪ್ಪಗೆ ಎರಡು ಕೋಟ್ ಕೊಟ್ಟಿದ್ದೆ. ಕ್ಲೀನ್ ಮಾಡಿಸಿದ್ದು ಕಿಟಕಿ ಸೆಕ್ಷನ್‌ಗೆ ಪೌಡರ್ ಕೋಟಿಂಗ್ ಮಾಡುವವರ ಹತ್ತಿರ. ಅವರ ಟ್ಯಾಂಕ್‌ನಲ್ಲಿ ಅದ್ದಿ ಕೊಟ್ಟರು. ಚಿನ್ನದ ಬಣ್ಣ ಬಂದಿತ್ತು.

ಕೂರ್ಗಳ್ಳಿ_ಕೋಟಿಂಗ್: ಅದನ್ನು ಮೊದಲೇ ಹೇಳಬಾರದಾ! ಚಿನ್ನದ ಬಣ್ಣ ಬಂದರೆ ಅದು ಕ್ರೋಮೇಟಿಂಗ್. ಪೇಂಟ್ ಹಿಡಿಯಲಿ ಅಂತಲೇ ಮಾಡುವ ಪದರ ಅದು. ಅದರ ಮೇಲೆ ನೇರವಾಗಿ ಎಪಾಕ್ಸಿ ಹೊಡೆದಿದ್ದರೆ ಸಾಕಿತ್ತು. ಎಟ್ಚ್ ಪ್ರೈಮರ್‌ನಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತದೆ. ಬರೀ ಲೋಹವನ್ನು ಕಚ್ಚಿ ಹಿಡಿಯೋಕೆ ಆ ಆಸಿಡ್ ಬೇಕು. ನಿಮ್ಮಲ್ಲಿ ಅದು ಕ್ರೋಮೇಟ್ ಪದರವನ್ನೇ ತಿಂದಿದೆ. ಅದಕ್ಕೇ ಅಲ್ಲಲ್ಲಿ ಲೋಹ ಕಾಣುತ್ತಿದೆ. ಇನ್ನು ದಪ್ಪ ಕೋಟ್‌ನಲ್ಲಿ ಉಳಿದ ಆಸಿಡ್ ಮೇಲಿನ ಎಪಾಕ್ಸಿಯ ಹಾರ್ಡನರ್ ಜೊತೆ ಸೇರಿಕೊಂಡಿದೆ. ಹಾರ್ಡನರ್ ಅಂದರೆ ಅಮೈನ್, ಕ್ಷಾರ ಗುಣದ್ದು, ಆಸಿಡ್ ಸಿಕ್ಕರೆ ಬಿಡುವುದಿಲ್ಲ. ಆ ಜಾಗದಲ್ಲಿ ಎಪಾಕ್ಸಿ ಗಟ್ಟಿಯಾಗಲೇ ಇಲ್ಲ. ಬೆರಳಿಗೆ ಅಂಟಿದ್ದು ಅದೇ.

ಹೆಬ್ಬಾಳ್_ಸ್ಪ್ರೇಗನ್: ಸುಮ್ನೆ ಹೆದರಿಸಬೇಡಿ. ವಿಮಾನಗಳಿಗೆ ವಾಶ್ ಪ್ರೈಮರ್ (ಅದೂ ಎಟ್ಚ್ ಪ್ರೈಮರೇ) ಮೇಲೆ ಎಪಾಕ್ಸಿಯೇ ಹೊಡೆಯುತ್ತಿದ್ದರು.

ಕೂರ್ಗಳ್ಳಿ_ಕೋಟಿಂಗ್: ಹೊಡೆಯುತ್ತಿದ್ದರು, 10 ಮೈಕ್ರಾನ್ ಆಸುಪಾಸು ತೆಳುವಾಗಿ. ಅದೂ ಒಂದಕ್ಕೊಂದು ಹೊಂದುತ್ತದೆ ಅಂತ ಪರೀಕ್ಷೆ ಮಾಡಿದ ಜೋಡಿಯನ್ನು. ಅಂಗಡಿಯಲ್ಲಿ ಸಿಗುವ ಬಹಳಷ್ಟು ಎಪಾಕ್ಸಿಯ ಡೇಟಾ ಶೀಟ್‌ನಲ್ಲಿ ಎಟ್ಚ್ ಪ್ರೈಮರ್ ಮೇಲೆ ಬೇಡ ಅಂತಲೇ ಇರುತ್ತದೆ. ಓದೋರು ಯಾರು!

ಹೆಬ್ಬಾಳ್_ಸ್ಪ್ರೇಗನ್: ನಾನು ಜಿಂಕ್ ಕ್ರೋಮೇಟ್ ಹಳದಿ ಪ್ರೈಮರ್ ಬಿಟ್ಟು ಬೇರೆ ಮುಟ್ಟಿದ್ದೇ ಇಲ್ಲ. ಒಂದು ಪೀಸ್ ವಾಪಸ್ ಬಂದಿಲ್ಲ.

ಹಳೇ_ಗಾಡಿ_ಮೈಸೂರು: ಪ್ರೈಮರ್ ಇಲ್ಲದೆ ನಿಲ್ಲೋದು ಒಂದೇ, ಬನ್ನಿಮಂಟಪದಲ್ಲಿ ಮಾಡುವ ವೋಟಿನ ಶಾಯಿ. ಅದನ್ನೇ ಹಚ್ಚಿ 😄

ಮಂಡ್ಯ_ಟೂಸ್ಟ್ರೋಕ್: ತಮಾಷೆ ಸಾಕು ಅಣ್ಣ. ಈಗ ಏನು ಮಾಡಲಿ?

ಕೂರ್ಗಳ್ಳಿ_ಕೋಟಿಂಗ್: ಪೇಂಟ್ ರಿಮೂವರ್ ಹಾಕಿ ಎಲ್ಲ ತೆಗೆಯಿರಿ. ಒಣ ಎಮೆರಿ ಉಜ್ಜಬೇಡಿ, ಕ್ರೋಮೇಟ್ ಧೂಳು ಕ್ಯಾನ್ಸರ್ ತರುವಂಥದ್ದು. ಗ್ಲೌಸ್, ಮಾಸ್ಕ್ ಹಾಕಿಕೊಂಡು ನೀರು ಹಾಕಿ ಉಜ್ಜಿ. ಆಮೇಲೆ ಎರಡರಲ್ಲಿ ಒಂದು ದಾರಿ. ಹೊಸದಾಗಿ ಕ್ರೋಮೇಟಿಂಗ್ ಮಾಡಿಸಿ, ಚೆನ್ನಾಗಿ ತೊಳೆದು ಒಣಗಿಸಿ, ತಡ ಮಾಡದೆ ನೇರ ಎಪಾಕ್ಸಿ. ಇಲ್ಲಾಂದ್ರೆ ಬರೀ ಲೋಹದ ಮೇಲೆ ಎಟ್ಚ್ ಪ್ರೈಮರ್ ತೆಳುವಾಗಿ ಒಂದು ಕೋಟ್, ಅದರ ಮೇಲೆ ಅದೇ ಕಂಪನಿ ಒಪ್ಪುವ 2ಕೆ ಪಿಯು (ಎರಡು ಭಾಗ ಬೆರೆಸುವ ಪಾಲಿಯುರೆಥೇನ್) ಪ್ರೈಮರ್. ನಾನಾದರೆ ಮೊದಲನೆಯದು. ಯಾವುದಕ್ಕೂ ಮುಂಚೆ ನೀರು ಸುರಿದು ನೋಡಿ. ಒಂದೇ ಹಾಳೆಯಂತೆ ಹರಡಬೇಕು, ಹನಿ ಕಟ್ಟಬಾರದು. ಕಟ್ಟಿದರೆ ಜಿಡ್ಡು ಉಳಿದಿದೆ ಅಂತ.

ಮಂಡ್ಯ_ಟೂಸ್ಟ್ರೋಕ್: ಎಲ್ಲ ತೆಗೆದೆ. ನೀರು ಸುರಿದೆ. ಆಯಿಲ್ ಕ್ಯಾಪ್ ಸುತ್ತ ಹನಿ ಹನಿಯಾಗಿ ನಿಲ್ಲುತ್ತಿದೆ.

ಹೆಬ್ಬಾಳ್_ಸ್ಪ್ರೇಗನ್: ಎಣ್ಣೆ!! ಮೊದಲ ದಿನವೇ ಹೇಳಿದ್ದೆ.

ಕೂರ್ಗಳ್ಳಿ_ಕೋಟಿಂಗ್: ರಿಮೂವರ್‌ನ ಮೇಣವೂ ಇರಬಹುದು. ಥಿನ್ನರ್ ಹಾಕಿ ಒರೆಸಿ, ಬಟ್ಟೆ ಬದಲಿಸಿ ಇನ್ನೊಮ್ಮೆ ಒರೆಸಿ, ಮತ್ತೆ ನೀರು ಸುರಿಯಿರಿ. ಆಮೇಲೂ ಹನಿ ಕಟ್ಟಿದರೆ ಸ್ಪ್ರೇಗನ್ ಸರ್ ಹೇಳಿದ ಹಾಗೆ ಹೀಟ್ ಗನ್ ಹಿಡಿಯಿರಿ.